ಕರೆಂಟು ಕೊಟ್ಟ ಮೇಲೆ

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿಯೂ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲವೆಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್ ಮುಗಿದು ವರ್ಷವಾಗಿತ್ತು. ನಮ್ಮ ಮಧುಗಿರಿ ಕಡೆ ಅದಕ್ಕೆ ‘ಕರೆಂಟು ಕೊಡೋದು’ ಅನ್ನುತ್ತಾರೆ. ಗಡ್ಡೆ ಕರಗಿತು, ರಿಪೋರ್ಟು ಚೆನ್ನಾಗಿ ಬಂತು. ಗಂಡಸುತನವೆಂದು ನಾನು ತಿಳಿದಿದ್ದದ್ದು ಮಾತ್ರ ಸದ್ದಿಲ್ಲದೆ ಸೊರಗುತ್ತ ಹೋಯಿತು. ಹೂವಿನ ಕೇಸರಗಳನ್ನು ಬೋರ್ಡಿನ ಮೇಲೆ ಧಾರಾಳವಾಗಿ ಬಿಡಿಸಿ, ಮನುಷ್ಯರ ವಿಷಯ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುವುತ್ತಿದ್ದ ಮೇಷ್ಟ್ರು ನಾನು. ಈಗ ಮನೆಯಲ್ಲಿ ಓದಿಕೊಳ್ಳುವ ಸರದಿ ನನ್ನದಾಗಿತ್ತು.

ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೆಟ್ಟದ ಬುಡದವರೆಗೆ ದಿನಕ್ಕೆರಡು ಸಲ ನಡೆದುಬರುತ್ತಿದ್ದೆ, ಜೋಡಿಸಿದ ಪುಸ್ತಕಗಳನ್ನೇ ಮತ್ತೆ ಜೋಡಿಸುತ್ತಿದ್ದೆ. ಪದೇ ಪದೇ ಮೂತ್ರಕ್ಕೆ ಏಳಬೇಕೆಂಬ ನೆಪ ಹೇಳಿ ಹಾಸಿಗೆಯನ್ನು ಹಜಾರಕ್ಕೆ ಸಾಗಿಸಿದೆ. ಹೆಂಡತಿ ಜಯಮ್ಮ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಇನ್ನಷ್ಟು ಕಸಿವಿಸಿ.

ಶಿರಾದಲ್ಲಿ ತಪಾಸಣೆಗೆ ಹೋದ ದಿನ ಡಾಕ್ಟರಮ್ಮ, “ಬೇರೇನಾದರೂ ತೊಂದರೆ ಇದೆಯಾ?” ಎಂದರು.

“ಸ್ವಲ್ಪ ಗ್ಯಾಸು,” ಎಂದೆ.

ಪಕ್ಕದಲ್ಲಿದ್ದ ಜಯಮ್ಮನಿಗೆ ತಡೆಯಲಾಗಲಿಲ್ಲ. “ಗ್ಯಾಸಲ್ಲ ಕಣಮ್ಮ. ಇವ್ರು ನನ್ ಪಕ್ಕ ಕೂರೋದೇ ಬುಟ್ಬುಟ್ಟವ್ರೆ. ಆ ಕರೆಂಟು ನಂಗೂ ತಗಲ್ತದೆ ಅಂತ ಹೆದ್ರುಕೊಂಡವ್ರಾ, ಇಲ್ಲ ನಾನೇ ಬ್ಯಾಡ್ವಾದ್ನಾ? ಹೆಂಗ್ ಕೇಳ್ಲಿ ನಾನು?”

ಭೂಮಿಗಿಳಿದುಹೋದೆ. ನಾನು ನನ್ನ ಅವಮಾನ ಮುಚ್ಚಿಡುವ ಗಡಿಬಿಡಿಯಲ್ಲಿದ್ದಾಗ ಅವಳು ತನ್ನಲ್ಲೇ ಕುಂದು ಹುಡುಕುತ್ತಿದ್ದಳು.

ಆಗ ಬಾಯಿಬಿಟ್ಟೆ. ಡಾಕ್ಟರಮ್ಮ ನಗಲಿಲ್ಲ. ಆ ಕಿರಣಗಳಿಂದ ನರ, ರಕ್ತನಾಳ ನಿಧಾನವಾಗಿ ಸೊರಗುವುದುಂಟು, ಬಹಳ ಜನಕ್ಕೆ ಹೀಗಾಗುತ್ತದೆ, ಹತ್ತಿರ ಬಂದವರಿಗೆ ಏನೂ ತಗಲುವುದಿಲ್ಲ ಎಂದರು. ನಾನು ಹೃದಯಕ್ಕೆ ಯಾವ ಔಷಧವನ್ನೂ ತೆಗೆದುಕೊಳ್ಳುತ್ತಿಲ್ಲವೆಂದು ಖಚಿತ ಮಾಡಿಕೊಂಡು ಒಂದು ಮಾತ್ರೆ ಬರೆದುಕೊಟ್ಟರು.

ಭಾನುವಾರ ಮಧ್ಯಾಹ್ನ ಅದನ್ನು ನುಂಗಿ, ಪರೀಕ್ಷೆಯ ಕೋಣೆ ಕಾಯುವವನಂತೆ ಗಡಿಯಾರ ನೋಡುತ್ತ ಅತ್ತಿಂದಿತ್ತ ತಿರುಗಿದೆ. ಜಯಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಕೂತಿದ್ದಳು.

“ಏನಾರ ಆಯ್ತಾ?”

“ಇಲ್ಲ ಕಣೇ.”

“ಆಗ್ದಿದ್ರೆ ಬುಡಿ ಅತ್ಲಾಗೆ. ಇಂಗ್ ಬಂದು ಕೂತ್ಕಳಿ, ಕಾಯಾದ್ರೂ ಸುಲಿಯಾನ.”

ಹೆಗಲಿಗೆ ಹೆಗಲು ತಾಗಿಸಿ ಸುಲಿದೆವು. ನಡುವೆ ಅವಳಿಗೆ ನಗು ಬಂತು, ನನಗೂ ಬಂತು. ಕಾಳು ಚೆಲ್ಲುವಷ್ಟು ನಕ್ಕೆವು. ಅಂದೇ ಹಾಸಿಗೆ ಒಳಕೋಣೆಗೆ ಮರಳಿತು.

ಮಾತ್ರೆ ಈಗ ಕೆಲವು ದಿನ ಕೆಲಸ ಮಾಡುತ್ತದೆ, ಕೆಲವು ದಿನ ಇಲ್ಲ. ಮಾಡದ ದಿನ ನಾನು ಈಗಲೂ ಚಡಪಡಿಸುತ್ತೇನೆ. ಆದರೆ ಎದ್ದು ಹೋಗುವುದಿಲ್ಲ. ಅವಳ ಕೈ ಹಿಡಿದುಕೊಂಡೇ ಚಡಪಡಿಸುತ್ತೇನೆ.