ಎಲ್ಲರೂ ಉಪ್ಪಿನಕಾಯಿ ಕೇಳಿದ ವಾರ್ಡು

ಅವರ ಹುಬ್ಬುಗಳು ದಪ್ಪ, ಕಪ್ಪು, ನಡುವೆ ಹೆಚ್ಚುಕಡಿಮೆ ಕೂಡಿಕೊಂಡಂಥವು. ಬಲ ಹುಬ್ಬಿನ ಕೊನೆಯಲ್ಲಿ ಮಾತ್ರ ಚಿಕ್ಕಂದಿನಲ್ಲಿ ಬಿದ್ದ ಗಾಯದಿಂದಾಗಿ ಕೂದಲಿಲ್ಲದ ಒಂದು ಸಣ್ಣ ಸಂದು. ಕೊರೊನಾ ಕಾಲದಲ್ಲಿ ಮೂಗು, ಬಾಯಿ, ಗಲ್ಲ ಎಲ್ಲ ಮಾಸ್ಕಿನೊಳಗೆ ಹೋಗಿದ್ದರಿಂದ ಅವರು ಆಸ್ಪತ್ರೆ ನಡೆಸಿದ್ದು ಆ ಹುಬ್ಬುಗಳಿಂದಲೇ. ಬಲದ್ದೊಂದೇ ಏರಿದರೆ ‘ಹೌದಾ?’ ಎಂದರ್ಥ. ಎರಡೂ ಏರಿದರೆ ಎದುರಿಗಿದ್ದವನ ಕತೆ ಮುಗಿಯಿತು. ನನ್ನ ಕತೆ ಹಾಗೆ ಒಮ್ಮೆ ಮುಗಿದದ್ದುಂಟು. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಕಾರ್ಕಳದ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸುಗಳಿಗೆಲ್ಲ ಮೇಲಿನವರು. ಊರು ಶಿರ್ವ, ಮನೆಮಾತು ಕೊಂಕಣಿ, ಗಲ್ಫಿನ ಆಸ್ಪತ್ರೆಯಲ್ಲಿ ಬಹಳ ಕಾಲ ದುಡಿದು ಬಂದವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಟಪಾಡಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿಗೆ ಕಂಡಕ್ಟರಾಗಿ ಹತ್ತಿದವನು, ಲಾಕ್‌ಡೌನಿನಲ್ಲಿ ಬಸ್ಸು ನಿಂತಾಗಲೇ ಇಳಿದದ್ದು. ಅವರು ಗಲ್ಫಿನಿಂದ ಬಂದ ಮೇಲೆ ಆ ಬಸ್ಸಿನಲ್ಲೇ ದಿನಾ ಕೆಲಸಕ್ಕೆ ಹೋಗುತ್ತಿದ್ದರಂತೆ. ನನಗೆ ಗುರುತೇ ಇರಲಿಲ್ಲ. ಕಂಡಕ್ಟರ್ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ.

ಆಗ ರೋಗಿಗಳ ಮನೆಯವರನ್ನು ಒಳಗೆ ಬಿಡುವ ಹಾಗಿರಲಿಲ್ಲ. ಅವರು ಗೇಟಿನ ಹೊರಗೆ ದೂರ ದೂರ ನಿಂತಿರುತ್ತಿದ್ದರು. ಒಳಗಿನ ಸುದ್ದಿಯನ್ನು ಅವರಿಗೆ ಕೂಗಿ ಹೇಳಲು ಒಬ್ಬ ದೊಡ್ಡ ಗಂಟಲಿನವ ಬೇಕಾಗಿತ್ತು. ಕೇಳಿ ತಿಳಿದು ನಾನು ಹೋದೆ.

“ವಯಸ್ಸೆಷ್ಟು?” ದೊಡ್ಡ ಸಿಸ್ಟರ್ ಕೇಳಿದರು.

ಅರವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಿತ್ತು. “ಐವತ್ತೆಂಟು” ಎಂದೆ. ಬಲ ಹುಬ್ಬು ಏರಿತು.

“ಕಂಡಕ್ಟ್ರೇ, ‘ಸೀಟ್ ಉಂಟು, ಹತ್ತಿ’ ಅಂತ ನೀವು ಹೇಳಿದ್ದನ್ನು ನಂಬಿ ನಾನು ಶಿರ್ವದಿಂದ ಕಾರ್ಕಳದವರೆಗೆ ನಿಂತೇ ಹೋಗಿದ್ದೇನೆ. ಒಂದು ಸಲ ಅಲ್ಲ.”

“ಬೆಳ್ಮಣ್ಣಿನಲ್ಲಿ ಖಾಲಿ ಆಗ್ತಿತ್ತು ಸಿಸ್ಟರ್.”

“ಆಗ್ತಿರಲಿಲ್ಲ ಮಾರಾಯ್ರೆ. ಹೋಗಲಿ, ಗಂಟಲು ಒಳ್ಳೇದುಂಟು. ನಾಳೆಯಿಂದ ಬನ್ನಿ.”

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಖಾಲಿ ಮಂಚ ಕಂಡರೆ ಮಲಗಿ ನೋಡುತ್ತಿದ್ದರು. “ರೋಗಿ ಮಲಗಿ ನೋಡ್ತಾನೆ, ನಾವು ನಿಂತು ನೋಡ್ತೇವೆ. ಎರಡೂ ಒಂದೇ ಆಸ್ಪತ್ರೆ ಅಲ್ಲ” ಎನ್ನುವುದು ಅವರ ಮಾತು. ಹಾಗೆ ಮಲಗಿಯೇ ಅವರು ಟ್ಯೂಬ್‌ಲೈಟು ನೇರ ಕಣ್ಣಿಗೆ ಹೊಡೆಯುವುದನ್ನೂ, ನೀರಿನ ಲೋಟ ಕೈಗೆಟುಕದ್ದನ್ನೂ ಕಂಡುಹಿಡಿದು ಸರಿಮಾಡಿಸುತ್ತಿದ್ದರು. ಕೊರೊನಾ ವಾರ್ಡು ತೆರೆಯುವ ಮುಂಚಿನ ದಿನ ಹೊದಿಕೆ ಎಳೆದುಕೊಂಡು, ಮಾಸ್ಕು ಹಾಕಿಕೊಂಡು ಹಾಗೆ ಮಲಗಿದ್ದಾಗ, ಹೊಸದಾಗಿ ಬಂದಿದ್ದ ಡಾಕ್ಟರೊಬ್ಬರು ಗಾಬರಿಯಿಂದ ನಾಡಿ ಹಿಡಿದು, “ಅಮ್ಮಾ, ಯಾವಾಗ ಅಡ್ಮಿಟ್ ಆದ್ರಿ?” ಎಂದರಂತೆ.

“ನಾಡಿ ಆಮೇಲೆ ನೋಡಿ ಡಾಕ್ಟ್ರೇ. ಆಗಿನಿಂದ ಈ ಬೆಲ್ ಒತ್ತುತ್ತಾ ಇದ್ದೇನೆ, ಒಬ್ಬರೂ ಬರಲಿಲ್ಲ. ಮೊದಲು ಅದರ ನಾಡಿ ನೋಡಿ.”

ಇನ್ನು ನನ್ನ ವಿಷಯ. ನಾನು ರೋಗಿಗಳ ಹೆಸರು ಕೂಗುತ್ತಿರಲಿಲ್ಲ, ಊರು ಕೂಗುತ್ತಿದ್ದೆ. “ಬಜಗೋಳಿ! ಬೆಳ್ಮಣ್! ಶಿರ್ವ!” ಎಂದರೆ ಆಯಾ ಊರಿನವರು ಮುಂದೆ ಬರುತ್ತಿದ್ದರು. ಕೆಲವರು ಅಭ್ಯಾಸಬಲದಿಂದ ಚೀಲ ಎತ್ತಿಕೊಂಡೇ ಬರುತ್ತಿದ್ದರು. ದೊಡ್ಡ ಸಿಸ್ಟರಿಗೂ ಇದು ಹಿಡಿಸಿತ್ತು, ಯಾರ ಮನೆಯವರಿಗೆ ಕೊರೊನಾ ಎಂದು ಊರಿಗೆಲ್ಲ ಹೆಸರು ಹೇಳಿದ ಹಾಗಾಗುವುದಿಲ್ಲ ಎಂದು.

ತೊಂದರೆ ಇದ್ದದ್ದು ಸುದ್ದಿಯದ್ದು. ವಾರ್ಡಿಗೆ ಫೋನು ಮಾಡಿ ಕೇಳಿ ಹೇಳಬೇಕು. ಒಳಗಿನ ನರ್ಸುಗಳಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ, ಫೋನು ಬಡಿದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಹೊರಗೆ ಅಷ್ಟು ಜನ ನನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದರು. ಒಂದು ದಿನ ಫೋನನ್ನು ಕೆಳಗಿಟ್ಟೆ, ಎದುರಿಗಿದ್ದ ಹೆಂಗಸಿಗೆ ನನ್ನ ಬಾಯಿ ತಾನೇ ಹೇಳಿಬಿಟ್ಟಿತು: “ಆರಾಮ ಇದ್ದಾರೆ ಅಕ್ಕ. ಗಂಜಿ ಉಂಡರು. ಉಪ್ಪಿನಕಾಯಿ ಉಂಟಾ ಅಂತ ಕೇಳಿದರು.”

ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು. “ನಿಮ್ಮ ಹೊಟ್ಟೆ ತಣ್ಣಗಿರಲಿ ಅಣ್ಣ” ಎಂದರು. ಬಸ್ಸಿನಲ್ಲಿ ನನಗೆ ಯಾರೂ ಹಾಗೆ ಹೇಳಿದ್ದಿಲ್ಲ. ಅಲ್ಲಿಂದ ಮುಂದೆ ನಾನು ಫೋನು ಮಾಡುವುದನ್ನೇ ಬಿಟ್ಟೆ. ಅವರ ಮೇಲಿನ ಕನಿಕರದಿಂದ ಎಂದು ಬರೆದರೆ ಅದೂ ಒಂದು ಸುಳ್ಳಾದೀತು. ಸೋಮಾರಿತನ, ಮತ್ತೆ ಹೊಗಳಿಕೆಯ ಆಸೆ. ನಮ್ಮ ಕಡೆ ಕಾಯಿಲೆಯವರು ಗಂಜಿಯನ್ನಲ್ಲದೆ ಬೇರೇನು ಉಣ್ಣುತ್ತಾರೆ, ಗಂಜಿಗೆ ಉಪ್ಪಿನಕಾಯಿಯನ್ನಲ್ಲದೆ ಬೇರೇನು ಕೇಳುತ್ತಾರೆ? ಯಾರಿಗೆ ಹೇಳಿದರೂ ಹೊಂದುವ ಮಾತು. ಹಾಗಾಗಿ ಎಲ್ಲರಿಗೂ ಅದನ್ನೇ ಹೇಳಿದೆ.

ಇದರ ಫಲ ಬಾಟಲಿಗಳಲ್ಲಿ ಬಂತು. ಮನೆಯವರು ಕೊಟ್ಟ ಸಾಮಾನನ್ನು ಇಡಲು ಗೇಟಿನ ಬದಿಯಲ್ಲಿ ಒಂದು ಮೇಜಿತ್ತು. ಅದರ ಮೇಲೆ ಮಿಡಿ ಮಾವು, ಅಂಬಟೆ, ಬಿಂಬುಳಿ, ಕರಂಡೆ, ಲಿಂಬೆ, ಶಿರ್ವದ ಒಂದು ಮನೆಯಿಂದ ಸಿಗಡಿಯ ಉಪ್ಪಿನಕಾಯಿ ಕೂಡ, ಸಾಲಾಗಿ ಬಂದು ಕೂತವು. ಮೇಜು ಸಾಲದೆ ಕೆಲವು ಬಾಟಲಿಗಳು ಬೆಂಚಿಗೆ ಇಳಿದವು.

ದೊಡ್ಡ ಸಿಸ್ಟರ್ ಬಂದು ನಿಂತು ನೋಡಿದರು. “ಎಂತ ಇದು ಕಂಡಕ್ಟ್ರೇ? ಒಳಗಿರುವ ಒಬ್ಬರಿಗೂ ಬಾಯಲ್ಲಿ ರುಚಿ ಇಲ್ಲ, ಮೂಗಿಗೆ ವಾಸನೆ ಇಲ್ಲ. ಇಡೀ ತಾಲೂಕು ಯಾಕೆ ಉಪ್ಪಿನಕಾಯಿ ಕಳಿಸ್ತಾ ಉಂಟು?”

“ಊರಿನವರ ಪ್ರೀತಿ ಸಿಸ್ಟರ್.”

ಬಲ ಹುಬ್ಬು ಏರಿತು. ಬಹಳ ಹೊತ್ತು ಇಳಿಯಲಿಲ್ಲ.

ಮರುದಿನ ಬಜಗೋಳಿಯ ಅಕ್ಕ ಒಬ್ಬರು ಬಂದರು. ಅವರ ಗಂಡನನ್ನು ಹಿಂದಿನ ದಿನ ಬೆಳಿಗ್ಗೆಯಷ್ಟೇ ಉಸಿರಾಟದ ತೊಂದರೆಯೆಂದು ಕರೆತಂದು ಸೇರಿಸಿದ್ದರು. ಗಾಬರಿಯಲ್ಲಿ ಗಂಡನ ಮೊಬೈಲು ಮನೆಯಲ್ಲೇ ಉಳಿದಿತ್ತು, ಆದ್ದರಿಂದ ಆಕೆಗೆ ನಾನು ಹೇಳಿದ್ದೇ ಸುದ್ದಿ. ಆ ಸಂಜೆ ಆಕೆ ಬರಲಾಗದೆ ನೆರೆಮನೆಯವರನ್ನು ಕಳಿಸಿದ್ದರು. ನಾನು ಅವರಿಗೆ ಮಾಮೂಲು ಸುದ್ದಿ ಕೊಟ್ಟು ಕಳಿಸಿದ್ದೆ.

“ಅಣ್ಣಾ, ಒಳಗೆ ಉಪ್ಪಿನಕಾಯಿ ಕೇಳಿದವರು ಯಾರು?”

“ನಿಮ್ಮ ಯಜಮಾನರೇ ಅಕ್ಕ.”

“ಬಿಪಿ ಬಂದಾಗಿನಿಂದ ನನ್ನ ಗಂಡ ಗಂಜಿಗೆ ಉಪ್ಪು ಸಹ ಹಾಕುವುದಿಲ್ಲ. ಉಪ್ಪಿನಕಾಯಿ ಭರಣಿ ಇದ್ದ ಕೋಣೆಗೇ ಹೋಗುವವರಲ್ಲ. ನೀವು ನೋಡಿದ್ದು ಯಾರನ್ನು? ನನ್ನ ಗಂಡ ಎಲ್ಲಿ?”

ಹಿಂದಿನಿಂದ ಒಬ್ಬರು, “ನಮ್ಮವರೂ ಕೇಳಿದ್ರಂತಲ್ಲ!” ಎಂದರು. ಇನ್ನೊಬ್ಬರು, “ನಮ್ಮ ಮಾವನೂ!” ಎಂದರು. ಮತ್ತೊಬ್ಬ ಗಂಡಸು, “ನಮ್ಮ ಅಮ್ಮ ಕಾಯಿಲೆ ಬಿದ್ದಾಗಿನಿಂದ ಕಣ್ಣೇ ಬಿಟ್ಟಿಲ್ಲ ಮಾರಾಯ, ಉಪ್ಪಿನಕಾಯಿ ಹೇಗೆ ಕೇಳಿದ್ರು?” ಎಂದ. ಆಮೇಲೆ ಬಜಗೋಳಿಯ ಅಕ್ಕ ತುಳುವಿಗೆ ಇಳಿದರು. ಅವರು ಹೇಳಿದ್ದರಲ್ಲಿ ಅರ್ಧವನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಅದು ಅಷ್ಟೇನೂ ಒಳ್ಳೆಯ ಅರ್ಧವಲ್ಲ. ಕೊನೆಗೆ, “ರೋಗಿಗಳನ್ನು ಅದಲುಬದಲು ಮಾಡಿದ್ದೀರಿ. ನನ್ನ ಗಂಡನನ್ನು ಈಗಲೇ ಹೊರಗೆ ತನ್ನಿ, ನಾನು ಮನೆಗೆ ಕರ್ಕೊಂಡು ಹೋಗ್ತೇನೆ” ಎಂದರು.

ಗಲಾಟೆ ಕೇಳಿ ದೊಡ್ಡ ಸಿಸ್ಟರ್ ಬಂದರು, ಅವರ ಹಿಂದೆ ಆಸ್ಪತ್ರೆಯ ದೊಡ್ಡ ಡಾಕ್ಟರೂ ಬಂದರು. “ಯಾರು ಹೇಳಿದ್ದು ಇದನ್ನೆಲ್ಲ?” ಡಾಕ್ಟರು ಗುಡುಗಿದರು.

“ಇವರನ್ನು ಇಲ್ಲಿ ನಿಲ್ಲಿಸಿದ್ದು ನಾನು” ಎಂದರು ದೊಡ್ಡ ಸಿಸ್ಟರ್. “ಒಳಗಿನ ಸುದ್ದಿ ಇವರಿಗೆ ಮುಟ್ಟುವ ಏರ್ಪಾಡು ಮಾಡಲಿಲ್ಲ. ತಪ್ಪು ನನ್ನದು.”

ಡಾಕ್ಟರು ಅಷ್ಟು ಜನರ ಎದುರಿಗೇ ಅವರನ್ನು ಬೈದರು. ಗಲ್ಫಿನಲ್ಲಿ ಇದನ್ನೇ ಕಲಿತು ಬಂದದ್ದಾ ಎಂದೂ ಕೇಳಿದರು. ಹುಬ್ಬುಗಳು ಅಲುಗಲಿಲ್ಲ. ಕಟಪಾಡಿ ಜಂಕ್ಷನಿನಲ್ಲಿ ಕೂಗಿದರೆ ಹೆದ್ದಾರಿಯ ಆಚೆ ಬದಿಯವರೂ ತಿರುಗಿ ನೋಡುವಂಥ ಗಂಟಲು ನನ್ನದು. ಆ ಗಂಟಲಿನಿಂದ ‘ಫೋನು ಮಾಡುವುದನ್ನು ಬಿಟ್ಟವನು ನಾನು’ ಎಂಬ ಒಂದು ಮಾತು ಬರಲಿಲ್ಲ. ನಾನು ಗೇಟಿನ ತಿರುಗಣಿಗೆ ಎಣ್ಣೆ ಹಾಕಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುತ್ತಾ ನಿಂತಿದ್ದೆ.

ಡಾಕ್ಟರು ಹೋದ ಮೇಲೆ ದೊಡ್ಡ ಸಿಸ್ಟರ್ ಬಜಗೋಳಿಯ ಅಕ್ಕನ ಕಡೆ ತಿರುಗಿ, “ಅಮ್ಮಾ, ಆಕ್ಸಿಜನ್ ತೆಗೆದರೆ ಅವರು ಬಜಗೋಳಿ ಮುಟ್ಟುವುದಿಲ್ಲ” ಎಂದರು.

“ಅದು ಸಹ ನಿಮ್ಮ ಉಪ್ಪಿನಕಾಯಿಯ ಹಾಗೆಯೇ ಇರಬಹುದು.”

ನನ್ನ ಸುಳ್ಳಿನಿಂದಾಗಿ ಸಿಸ್ಟರ್ ಹೇಳಿದ ನಿಜಕ್ಕೂ ಬೆಲೆ ಹೋಗಿತ್ತು. ಆಕೆ ಆಂಬುಲೆನ್ಸಿಗೆ ಹೇಳಲು ಮೊಬೈಲು ತೆಗೆದರು. ಆಗ ದೊಡ್ಡ ಸಿಸ್ಟರ್ ನನ್ನನ್ನು ನೋಡಿದರು. ಎರಡೂ ಹುಬ್ಬುಗಳು ಮೇಲೆ.

“ಕಂಡಕ್ಟ್ರೇ, ಒಳಗೆ ಬನ್ನಿ. ನಿಮ್ಮ ಕಣ್ಣಿನಿಂದ ನೋಡಿ ಬಂದು ಹೇಳಿ. ಅಮ್ಮಾ, ನಿಮ್ಮ ಗಂಡನಲ್ಲದೆ ಬೇರೆ ಯಾರೂ ಹೇಳಲಾಗದ ಒಂದು ಮಾತನ್ನು ಇವರು ತರುತ್ತಾರೆ. ತಾರದಿದ್ದರೆ ಕರ್ಕೊಂಡು ಹೋಗಿ.”

ನಿಜವಾದ ವಯಸ್ಸನ್ನು ಹೇಳಿ ತಪ್ಪಿಸಿಕೊಳ್ಳಲೇ ಎಂದು ನನಗೆ ಹೊಳೆಯಿತು. ಬಾಯಿ ತೆರೆಯುವ ಮೊದಲೇ ಅವರು, “ಅರವತ್ತೆರಡು ಅಂತ ನನಗೆ ಗೊತ್ತುಂಟು. ನಡೆಯಿರಿ” ಎಂದರು.

ಪಿಪಿಇ ಕಿಟ್ಟಿನೊಳಗೆ ತೂರಿಸಿದಾಗ ನಾನು ಬೇಯಲು ಇಟ್ಟ ಕಡುಬಿನ ಹಾಗಾದೆ. ಕನ್ನಡಕದ ಮೇಲೆ ಹಬೆ. ವಾರ್ಡಿನ ನೆಲ ಅಲುಗುತ್ತಿದೆ ಎನ್ನಿಸಿ ಕೈ ತಾನಾಗಿ ಮೇಲಿನ ಕಂಬಿ ಹುಡುಕಿತು. ಸಿಕ್ಕಿದ್ದು ಯಾರದೋ ಸಲೈನ್ ತೂಗುಹಾಕಿದ ಕಂಬ. “ಅದನ್ನು ಬಿಡಿ, ಅದು ಬಸ್ಸಲ್ಲ!” ದೊಡ್ಡ ಸಿಸ್ಟರ್ ಕೈ ಬಿಡಿಸಿದರು. ಭಯದಲ್ಲಿ ನನಗೆ ಗೊತ್ತಿದ್ದದ್ದು ಒಂದೇ. “ಬಜಗೋಳಿ ಯಾರು?” ಎಂದು ಕೂಗಿದೆ. ಮೂಲೆಯ ಮಂಚದಿಂದ ಒಂದು ಕೈ, ಸ್ಟಾಪಿನಲ್ಲಿ ಇಳಿಯುವವರ ಕೈಯ ಹಾಗೆ, ಮೆಲ್ಲನೆ ಎದ್ದಿತು.

ಹತ್ತಿರ ಹೋದೆ. ಮುಖಕ್ಕೆ ಆಕ್ಸಿಜನ್ ಮಾಸ್ಕು. ಎದೆ ಬೇಗ ಬೇಗ ಏರಿಳಿಯುತ್ತಿತ್ತು. ಬದಿಯಲ್ಲಿ ಗಂಜಿ ಮುಟ್ಟದೆ ಹಾಗೇ ಇತ್ತು. ಹಿಂದಿನ ಸಂಜೆ ನಾನು ಗಂಜಿ ಉಣಿಸಿದ ಮನುಷ್ಯ ಇವರು.

“ಗೇಟಿನಲ್ಲಿ... ಬಾಯಿ ಮಾಡ್ತಿರುವುದು ಅವಳೇ ಅಲ್ವಾ? ಇಲ್ಲಿಗೆ ಕೇಳ್ತದೆ” ಎಂದರು. ಸ್ವಲ್ಪ ಉಸಿರು ತೆಗೆದುಕೊಂಡು, “ತೋಟದ ಪಂಪು ಬಂದ್ ಮಾಡಿ ಬಂದಿದ್ದಾಳಾ ಕೇಳಿ. ಮಾಡಿರುವುದಿಲ್ಲ.”

ಹೊರಗೆ ಬಂದು ನಾನು ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದೆ. “ಅಕ್ಕಾ, ಅವರು ಗಂಜಿ ಮುಟ್ಟಿಲ್ಲ. ಉಸಿರಿಗೆ ಕಷ್ಟ ಉಂಟು, ಮಾಸ್ಕ್ ಇಟ್ಟಿದ್ದಾರೆ. ಕೈ ಎತ್ತಿದರು, ಮಾತಾಡಿದರು. ಈವರೆಗೆ ನಾನು ಹೇಳಿದ್ದೆಲ್ಲ ಸುಳ್ಳು. ಪಂಪು ಬಂದ್ ಮಾಡಿದ್ದಾಳಾ ಕೇಳಿ, ಮಾಡಿರುವುದಿಲ್ಲ ಅಂದ್ರು.”

ಆಕೆ ರಸ್ತೆಯ ಅಂಚಿನಲ್ಲಿ ಕುಸಿದು ಕೂತರು. ಸೆರಗನ್ನು ಮಾಸ್ಕಿನ ಮೇಲೆ ಒತ್ತಿಕೊಂಡು ಅತ್ತರು. “ಅವರೇ, ಅವರೇ” ಎಂದರು. ಮರುಕ್ಷಣ, “ಅಯ್ಯೋ ದೇವರೇ, ಪಂಪು!” ಎಂದು ಎದ್ದು, ಆಂಬುಲೆನ್ಸಿಗೆಂದು ತೆಗೆದ ಮೊಬೈಲಿನಲ್ಲಿ ನೆರೆಮನೆಗೆ ಫೋನು ಮಾಡಿದರು.

ಗಂಡನನ್ನು ಕರೆದುಕೊಂಡು ಹೋಗಲಿಲ್ಲ. ಮತ್ತೆ ಎಷ್ಟೋ ದಿನ ಅದೇ ಅಂಚಿನಲ್ಲಿ ಕೂತರು. ನಾನು ದಿನಾ ಸಂಜೆ ಕಿಟ್ಟು ಹಾಕಿಕೊಂಡು, ಒಂದೊಂದು ಮಂಚದ ಹತ್ತಿರವೂ ನಿಂತು ನೋಡಿ, ಆಮೇಲೆಯೇ ಗೇಟಿಗೆ ಬಂದೆ. ದೊಡ್ಡ ಸಿಸ್ಟರ್ ಹಾಗೆ ಏರ್ಪಾಡು ಮಾಡಿದ್ದರು. ‘ಇವತ್ತು ನಿನ್ನೆಗಿಂತ ಕಡಿಮೆ ಮಾತಾಡಿದರು’ ಎಂಬಂಥ ಸುದ್ದಿಗಳನ್ನೂ ಹೇಳಿದೆ. ತೀರಿಹೋದವರ ಸುದ್ದಿ ಹೇಳಬೇಕಾದಾಗ ದೊಡ್ಡ ಸಿಸ್ಟರೇ ಬಂದು ನನ್ನ ಬದಿಯಲ್ಲಿ ನಿಲ್ಲುತ್ತಿದ್ದರು. ವಿಚಿತ್ರವೆಂದರೆ, ನಿಜ ಸುದ್ದಿ ಹೇಳಲು ಶುರುಮಾಡಿದ ಮೇಲೆ ಗೇಟಿನಲ್ಲಿ ಗಲಾಟೆ ಕಡಿಮೆಯಾಯಿತು.

ಬಜಗೋಳಿಯವರು ಗುಣವಾಗಿ ಹೊರಬಂದ ದಿನ ಗೇಟಿನಲ್ಲಿ ನಿಂತು, “ವಾರ್ಡಿನ ಕಿಟಕಿ ತುಂಬ ಉಪ್ಪಿನಕಾಯಿ. ನನಗೊಂದು ಚೂರು ಯಾರೂ ಕೊಡಲಿಲ್ಲ” ಎಂದರು.

“ನಿಮಗೆ ವಾಸನೆಯೇ ಬರ್ತಿರಲಿಲ್ಲವಲ್ಲ” ಎಂದರು ಹೆಂಡತಿ.

“ಬಾಟಲಿ ಕಾಣ್ತಿತ್ತಲ್ಲ.”

ದೊಡ್ಡ ಸಿಸ್ಟರ್ ನಕ್ಕದ್ದು ಹುಬ್ಬಿನಲ್ಲೇ ಗೊತ್ತಾಯಿತು.

ಕಳೆದ ವರ್ಷ ಅವರು ಕಾಯಿಲೆಯಿಂದ ಶಿರ್ವದ ಮನೆಯಲ್ಲಿ ಮಲಗಿದ್ದಾರೆಂದು ತಿಳಿದು ನೋಡಲು ಹೋದೆ. ಕಟಪಾಡಿಯಲ್ಲಿ ಎಳೆಯ ಕಂಡಕ್ಟರೊಬ್ಬ, “ಸೀಟ್ ಉಂಟು ಅಜ್ಜ, ಹತ್ತಿ” ಎಂದ. ಶಿರ್ವದವರೆಗೆ ನಿಂತೇ ಹೋದೆ.

ಅವರ ತಂಗಿ ಒಳಗೆ ಕರೆದುಕೊಂಡು ಹೋದರು. ಕಿಟಕಿಯ ಬೆಳಕು ಕಣ್ಣಿಗೆ ಬೀಳದ ಹಾಗೆ ಮಂಚ ಹಾಕಿಸಿದ್ದರು.

“ಕಂಡಕ್ಟ್ರಾ? ಹತ್ತಿರ ಬನ್ನಿ. ಹೇಗೆ ಕಾಣ್ತೇನೆ ಹೇಳಿ.”

ನನ್ನ ನಾಲಗೆಯ ತುದಿಗೆ ಹಳೆಯ ಸರಕು ಬಂದಿತ್ತು. ಅವರು ನೋಡುತ್ತಿದ್ದರು.

“ತುಂಬ ಇಳಿದು ಹೋಗಿದ್ದೀರಿ ಸಿಸ್ಟರ್. ಹುಬ್ಬಿಲ್ಲ.”

ಔಷಧಿಯಿಂದ ಎಲ್ಲ ಉದುರಿತ್ತು. ಗಾಯದ ಸಂದು ಎಲ್ಲಿತ್ತೆಂದು ಹುಡುಕಿದರೂ ಕಾಣುತ್ತಿರಲಿಲ್ಲ. ಅವರು ನಕ್ಕರು. “ಹಾಗಾದರೆ ಇನ್ನು ನಿಮಗೆ ನನ್ನ ಹೆದರಿಕೆ ಇಲ್ಲ.”

“ಉಂಟು” ಎಂದೆ.

ಆಮೇಲೆ, ಆ ದಿನ ಡಾಕ್ಟರ ಎದುರು ಬಾಯಿ ಬಿಡದೆ ನಿಂತದ್ದನ್ನು ಹೇಳಿದೆ.

“ತಪ್ಪು ನನ್ನದು ಅಂದದ್ದು ನಿಮಗಾಗಿ ಅಂತ ತಿಳ್ಕೊಂಡ್ರಾ?” ಎಂದರು. “ನಿಮ್ಮನ್ನು ಓಡಿಸಿದ್ರೆ ಇನ್ನೊಬ್ಬ ಬರ್ತಿದ್ದ. ಅವನಿಗೂ ಒಳಗಿನ ಸುದ್ದಿ ಸಿಗ್ತಿರಲಿಲ್ಲ, ಅವನೂ ಎಂತಾದರೂ ಹೇಳ್ತಿದ್ದ. ಒಮ್ಮೆ ಸಿಕ್ಕಿಬಿದ್ದವ ಆದ್ರೆ ಹೆದರಿಕೊಂಡು ಕೆಲಸ ಮಾಡ್ತಾನೆ.”

ಅವರು ನನ್ನನ್ನು ಕ್ಷಮಿಸಿದರು ಎಂದು ಬರೆಯಲು ಆಸೆಯಿದೆ. ಆದರೆ ಹಾಗೆ ಅವರು ಹೇಳಲಿಲ್ಲ.

ಆ ವಾರ ಕಳೆಯುವುದರೊಳಗೆ ಅವರು ತೀರಿಕೊಂಡರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಅಂದು ಅವರನ್ನು ನೋಡಿ ನಾನು ಹೊರಗೆ ಬಂದಾಗ, ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದ ನಾಲ್ಕಾರು ಹೆಂಗಸರು ಗೇಟಿನಲ್ಲಿ ನಿಂತಿದ್ದರು. ಒಳಗೆ ಹೋಗಿ ತೊಂದರೆ ಕೊಡುವುದು ಬೇಡವೆಂದು ಅಲ್ಲೇ ಕಾಯುತ್ತಿದ್ದರು. “ಹೇಗಿದ್ದಾರೆ?” ಎಂದು ಕೇಳಿದರು.

“ಗಂಜಿ ಉಣ್ಣಲಿಲ್ಲ” ಎಂದೆ. “ಎರಡು ಚಮಚ ನೀರು ಕುಡಿದರು. ಇನ್ನು ಹೆಚ್ಚು ದಿನ ಇಲ್ಲ ಅಂತ ಕಾಣ್ತದೆ. ಆದರೆ ನಕ್ಕರು. ನಾನು ನೋಡಿ ಬಂದೆ.”