ಪೂಜೆಯಾದ ಮೂಲೆ

ಪುರಸಭೆಯ ನೋಟೀಸು ಬರುವ ಹಿಂದಿನ ದಿನ ನಮ್ಮ ಮನೆಯಲ್ಲಿ ಜಗಳವಾದದ್ದು ಫ್ಯಾನಿನ ವಿಷಯಕ್ಕೆ. ನಮ್ಮ ಮನೆಯವರು ಪಡಸಾಲೆಯಲ್ಲಿ ಯಾರದೋ ಮನೆಯ ನಕ್ಷೆ ಹರಡಿಕೊಂಡು ಕೂತಿದ್ದರು. ಫ್ಯಾನು ಹಾಕಿದರೆ ಹಾಳೆ ಹಾರುತ್ತದೆ ಎಂದು ಅವರು, ಹಾಕದಿದ್ದರೆ ಒಲೆಯ ಮುಂದೆ ನಾನು ಬೇಯುತ್ತೇನೆ ಎಂದು ನಾನು. ಕೊನೆಗೆ ಅಡುಗೆಮನೆಯ ಬಟ್ಟಲುಗಳನ್ನೆಲ್ಲ ತಂದು ಹಾಳೆಯ ಮೇಲೆ ಹೇರಿ ಫ್ಯಾನು ಹಾಕಿದರು. ಊಟದ ಹೊತ್ತಿಗೆ ಬಡಿಸಲು ಬಟ್ಟಲೇ ಇಲ್ಲ.

"ನಕ್ಷಾಕ್ಕ ಬಡಿಸೀರಿ, ಇವತ್ತ ನಿಮಗಿಲ್ಲ" ಎಂದೆ.

ನಕ್ಕರು. ಎಣ್ಣೆಗಾಯಿಯನ್ನು ರೊಟ್ಟಿಯ ಮೇಲೆಯೇ ಹಾಕಿಸಿಕೊಂಡು ಉಂಡರು. ಆ ದಿನ ನಡೆದದ್ದು ಅಷ್ಟೇ. ಅವರು ತೀರಿಕೊಂಡ ಮೇಲೆ ಅದನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ. ಕೂತಲ್ಲಿ ಕೂರಲಾಗದೆ ಎದ್ದು ಓಡಾಡುತ್ತೇನೆ, ಮತ್ತೆ ಅದೇ ದಿನಕ್ಕೆ ಬಂದು ನಿಲ್ಲುತ್ತೇನೆ.

ಅವರೂ ಅವರ ಗೆಳೆಯರೊಬ್ಬರೂ ಹುಬ್ಬಳ್ಳಿಯಲ್ಲಿ ಕೂಡಿ ಡಿಪ್ಲೊಮಾ ಓದಿದವರು. ಎಂಬತ್ತರ ದಶಕದ ಮೊದಲಲ್ಲಿ ನಮ್ಮೂರ ಬಸ್‌ಸ್ಟ್ಯಾಂಡಿನ ಬಾಜು ಒಂದು ಕೋಣೆ ಹಿಡಿದು ಮನೆಗಳ ನಕ್ಷೆ ಹಾಕುವ ಆಫೀಸು ತೆರೆದಿದ್ದರು. ಪಾಲುಗಾರಿಕೆಯೆಲ್ಲ ಬಾಯಿಮಾತಿನದು. ಪಾಯಾ ಸರಿಯಾಗಿದೆ ಎಂದು ಸಹಿ ಮಾಡಲು ಪುರಸಭೆಯ ಪರವಾನಿಗೆ ಬೇಕಿತ್ತು. ಅದು ನಮ್ಮವರ ಹೆಸರಿನಲ್ಲಿತ್ತು. ಹೀಗಾಗಿ ಕೆಲಸ ಇಬ್ಬರದು, ಸಹಿ ಒಬ್ಬರದು.

ನಮ್ಮದು ಎರೆಮಣ್ಣಿನ ಸೀಮೆ. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಗೋಡೆ ನಿಲ್ಲುವುದಿಲ್ಲ. ಎರೆ ದಾಟಿ ಕೆಳಗಿನ ಗಟ್ಟಿ ನೆಲ, ಅಂದರೆ ಗರಸು, ಸಿಗುವ ತನಕ ಅಗಿಯಬೇಕು. ನಮ್ಮವರು ಧೋತರ ಎತ್ತಿ ಕಟ್ಟಿ ತಾವೇ ತಗ್ಗಿಗೆ ಇಳಿದು, ಹಾರೆಯಿಂದ ಬಡಿದು, ಸಪ್ಪಳ ಕೇಳಿದ ಮೇಲೆಯೇ ಕಲ್ಲು ತುಂಬಿಸುತ್ತಿದ್ದರು.

ಒಂದು ಮನೆಯಲ್ಲಿ ಮಾತ್ರ ಹಾಗಾಗಲಿಲ್ಲ. ಅದು ಅರಳೆ ವ್ಯಾಪಾರದ ಸಾವಕಾರರ ಮನೆ. ಪೂಜೆಯ ದಿನ ಅಯ್ಯನವರು ಮುಹೂರ್ತವನ್ನು ಹೇಳಿದ್ದಕ್ಕಿಂತ ಮೊದಲೇ ಇಟ್ಟಿದ್ದರು. ಇವರು ಬಸ್ಸು ಇಳಿದು ಹೋಗುವಷ್ಟರಲ್ಲಿ ಈಶಾನ್ಯ ಮೂಲೆಗೆ ನವಧಾನ್ಯ, ಅರಿಷಿಣ, ಕುಂಕುಮ ಬಿದ್ದು ಕಲ್ಲು ತುಂಬಿ ಮುಗಿದಿತ್ತು. ಉಳಿದ ಮೂಲೆಗಳನ್ನು ಇಳಿದು ನೋಡಿದರು. ಪೂಜೆಯಾದ ಕಲ್ಲು ಕೀಳಿರಿ ಎನ್ನಲು ಬಾಯಿ ಬರಲಿಲ್ಲ. ಕಲ್ಲು ಕಟ್ಟುವ ಗೌಂಡಿ ಗರಸು ಹತ್ತಿದೆ ಎಂದ, ಇವರು ನಂಬಿ ಸಹಿ ಮಾಡಿದರು.

ಅವತ್ತು ಸಂಜೆ ಗೆಳೆಯರು ನಮ್ಮ ಮನೆಗೆ ಬಂದು ಬೈದದ್ದು ನನಗೆ ನೆನಪಿದೆ.

"ಲೇ ದೋಸ್ತ, ಒಂದ ಸಾಲರ ಬರಿಸ್ಕೊ. ಆ ಮೂಲಿ ನಾ ನೋಡಿಲ್ಲ, ಅದರ ಜವಾಬ್ದಾರಿ ನಂದಲ್ಲ ಅಂತ."

"ಸಾವಕಾರ್ರ ಮಾರಿ ನೋಡಿ ಹೆಂಗ ಕೇಳ್ಲಿ? ಹೋಳಿಗಿ ಉಂಡ ಬಂದೇನಿ."

"ಹೋಳಿಗಿ ಉಂಡಾಂವ ನೀ ಒಬ್ಬನ. ಮುಳುಗಿದ್ರ ಇಬ್ರೂ ಮುಳಗತೀವಿ."

ಮನೆ ಎದ್ದಿತು. ಒಂದು ಮಳೆಗಾಲ ಕಳೆಯಿತು. ನಡುವೆ ಸಾವಕಾರರು ಯಾರನ್ನೂ ಕೇಳದೆ ಅದೇ ಮೂಲೆಗೆ ಹೊಸ ಬಚ್ಚಲು ಕಟ್ಟಿಸಿ ನೀರನ್ನು ಗೋಡೆಯ ಬುಡಕ್ಕೇ ಬಿಟ್ಟಿದ್ದರು. ಬೇಸಿಗೆಯಲ್ಲಿ ಕಿಟಕಿಯಿಂದ ನೆಲದವರೆಗೆ ಓರೆಯಾಗಿ ಬಿರುಕು ಬಿಟ್ಟಿತು. ನಮ್ಮವರು ಪಾಯಾ ನೋಡದೆ ಸಹಿ ಮಾಡಿದ್ದಾರೆಂದು ಸಾವಕಾರರಿಂದ ಪುರಸಭೆಗೆ ಅರ್ಜಿ ಹೋಯಿತು. ವಿಚಾರಣೆ ಮುಗಿಯುವ ತನಕ ಸಹಿ ಮಾಡುವಂತಿಲ್ಲ, ತಪ್ಪು ಕಂಡರೆ ಪರವಾನಿಗೆ ರದ್ದು. ನೋಟೀಸಿನಲ್ಲಿ ಇದ್ದದ್ದು ಇದು.

ತಪ್ಪು ಪಾಯಾದ್ದೋ ಬಚ್ಚಲ ನೀರಿನದೋ ತಿಳಿಯಲು ಇದ್ದ ದಾರಿ ಒಂದೇ. ಆ ಮೂಲೆಯನ್ನು ಅಗಿದು ನೋಡಬೇಕು. ಗೆಳೆಯರು ಇವರನ್ನು ಎಳೆದುಕೊಂಡೇ ಸಾವಕಾರರ ಮನೆಗೆ ಹೋದರು. ಮುದುಕಿಯನ್ನು ಒಪ್ಪಿಸಲು ಹೆಣ್ಣುಮಗಳೊಬ್ಬಳು ಇರಲಿ ಎಂದು ನನ್ನನ್ನೂ ಕರೆದರು. ಆ ಮುದುಕಿ ಸಾವಕಾರರ ತಾಯಿ. ಹೊರಸಿನ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಪೂಜಾ ಆದ ಮೂಲಿ ಅಗೀತಾರೇನ್ರಿ?" ಎಂದಳು. "ಅಗದ್ರ ಮನೀ ಬುಡಾನ ಕಿತ್ತಂಗ. ನಿಮ್ಮ ಮನಿ ಆಗಿದ್ರ ಅಗೀತಿದ್ರೇನು?"

ಗೆಳೆಯರು ಬಾಯಿ ತೆರೆಯುವ ಮೊದಲೇ ನಮ್ಮವರು, "ಇಲ್ರಿ ಅವ್ವಾರ, ಅಗೀತಿರಲಿಲ್ಲ" ಎಂದುಬಿಟ್ಟರು.

"ಹಂಗಾರ ಚಾ ಕುಡದ ಹೋಗ್ರಿ" ಎಂದಳು ಮುದುಕಿ. ಚಹ ಕುಡಿದೇ ಬಂದೆವು.

ದಾರಿಯುದ್ದಕ್ಕೂ ಗೆಳೆಯರು ಕೂಗಾಡಿದರು. "ನಿನ್ನ ಸಾಕ್ಷಿ ನೀನ ಮಣ್ಣಾಗ ಇಟ್ಟಿ! ವಿಚಾರಣ್ಯಾಗ ಏನ್ ತೋರಸ್ತಿ, ನಿನ್ನ ಮಾರಿ?"

"ಆಕಿ ಖರೇನ ಹೇಳಿದ್ಲಲ್ಲೋ" ಎಂದರು ಇವರು.

ಆಮೇಲೆ ಕಾಯುವುದೇ ಆಯಿತು. ವಿಚಾರಣೆ ಮುಂದಕ್ಕೆ, ಮತ್ತೆ ಮುಂದಕ್ಕೆ. ಇವರು ಕೆಲಸವಿಲ್ಲದೆ ಊರೆಲ್ಲ ಸುತ್ತತೊಡಗಿದರು. ಕುಬಿಹಾಳದ ನನ್ನ ತವರಿಗೆ ಹೋದಾಗ ಆರತಿ ಎತ್ತುವ ಮೊದಲೇ ಗೋಡೆಯ ಬಿರುಕು ಮುಟ್ಟುತ್ತಾ ನಿಂತರು. ನನ್ನ ತಮ್ಮ, "ಮಾವಾರ, ಇದು ನಮ್ಮ ಅಜ್ಜನ ಕಾಲದ್ದು, ನಿಮ್ಮ ಸಹಿ ಇಲ್ಲ, ಅಂಜಬ್ಯಾಡ್ರಿ" ಎಂದು ಚಾಷ್ಟಿ ಮಾಡಿದ. ಇವರು ನಗಲಿಲ್ಲ.

ಮುಂಗಾರು ಹಿಡಿದ ಒಂದು ಮುಂಜಾನೆ ಎದೆ ಹಿಡಿದುಕೊಂಡು ಕೂತರು. ಹುಬ್ಬಳ್ಳಿಯ ದಾರಿಯಲ್ಲಿಯೇ ಹೋಗಿಬಿಟ್ಟರು.

ದಿನಕರ್ಮ ಮುಗಿದ ಮೇಲೆ ನಾನು ಪುರಸಭೆಗೆ ಹೋದೆ. ಅಲ್ಲಿನ ಹಿರಿಯ ಗುಮಾಸ್ತರು ಕುರ್ಚಿ ಕೊಟ್ಟು ಕೂರಿಸಿದರು.

"ಸತ್ತವರ ಮ್ಯಾಲ ವಿಚಾರಣಿ ನಡಿಯೂದಿಲ್ಲ ತಂಗಿ. ಬಂದ್ ಮಾಡೇವಿ."

"ಬಂದ್ ಅಂದ್ರ ತಪ್ಪು ಅವರ್ದಲ್ಲ ಅಂತೇನ್ರಿ?"

"ಹಂಗೇನಿಲ್ಲ. ಅವರ್ದು ಅಂತನೂ ಇಲ್ಲ, ಅವರ್ದಲ್ಲ ಅಂತನೂ ಇಲ್ಲ. ಬಂದ್, ಅಷ್ಟ."

ಗೆಳೆಯರು ತಮ್ಮ ಹೆಸರಿನಲ್ಲಿ ಪರವಾನಿಗೆ ಮಾಡಿಸಿಕೊಂಡರು. ತಾವು ನೋಡದೆ ತಗ್ಗು ಮುಚ್ಚುವುದಿಲ್ಲ ಎಂದು ಮಾಲಕರಿಂದ ಮೊದಲೇ ಬರೆಸಿಕೊಳ್ಳುತ್ತಾರೆ. ಮಂದಿ ಅಯ್ಯನವರ ಮುಂದೆಯೇ ಗೆಳೆಯರನ್ನು ಆಡಿಕೊಳ್ಳುತ್ತಾರೆ, ಆದರೂ ಬರೆದುಕೊಡುತ್ತಾರೆ. ಸಾವಕಾರರು ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸಿ ಬಿರುಕಿಗೆ ಗಾರೆ ಬಳಿಸಿದರು. ಮನೆ ನಿಂತಿದೆ. ಆ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ಇವರ ಮೇಲೆ ಒಮ್ಮೊಮ್ಮೆ ಬರುತ್ತದೆ. ಬಂದಾಗ ಯಾರೊಡನೆ ಜಗಳ ಆಡಲಿ?

ನಮ್ಮವರದು ತಪ್ಪಿತ್ತು ಎಂದಾದರೂ, ಇರಲಿಲ್ಲ ಎಂದಾದರೂ, ಇವತ್ತಿನವರೆಗೆ ಯಾರೂ ನನಗೆ ಹೇಳಿಲ್ಲ.