ನ್ಯಾನ್ಸಿಯ ಅಪ್ಪನಿಗೆ ಹೇಳದ ಕ್ಯಾಸಿನೊ

ಇ-ಮೇಲ್ ಗುಂಪಿನ ಗೆಳೆಯರೇ, ಇಂದು ಬೆಳಿಗ್ಗೆ ಅಮೆರಿಕದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಆನ್‌ಲೈನ್ ಕ್ಯಾಸಿನೊವನ್ನೇ ಗಂಡಿನಂತೆ ನೋಡುವ ಶಾಸ್ತ್ರ ನಡೆಯಿತು.

ನನ್ನ ಗಂಡ ಸುರೇಶ ಅದಕ್ಕೆ ಕ್ರೆಡಿಟ್ ಕಾರ್ಡ್ ನಂಬರು ಕೊಡಲು ಹೊರಟಿದ್ದ. "ನೋಡು, ಮೂಲೇಲಿ ಬೀಗದ ಚಿತ್ರ ಇದೆ, ಲೈಸೆನ್ಸ್ ಇದೆ, ಪೇಜು ಎಷ್ಟು ನೀಟಾಗಿದೆ!" ಹಾಸನದಿಂದ ಬಂದಿರುವ ಅತ್ತೆ ಒಪ್ಪಲಿಲ್ಲ. ನೆಂಟರ ಹೆಣ್ಣುಮಕ್ಕಳಿಗೆಲ್ಲ ಗಂಡು ವಿಚಾರಿಸಿ ಪಳಗಿದವರು. "ಗಂಡಿನ ಕಡೆಯೋರು ಕೊಟ್ಟ ಫೋಟೋ ನೋಡಿ ಯಾರಾದ್ರೂ ಹೆಣ್ಣು ಕೊಡ್ತಾರೇನೋ?" ಎಂದು ಮೋಡೆಮ್ಮಿನ ವೈರು ಕಿತ್ತು ಫೋನಿಗೆ ಸಿಕ್ಕಿಸಿ, ಕ್ಯಾಸಿನೊಗೆ ಫೋನ್ ಮಾಡಿಸಿದರು.

ಸಹಾಯವಾಣಿಯಲ್ಲಿ ನ್ಯಾನ್ಸಿ ಎಂಬುವಳು ಇಂಗ್ಲಿಷಿನಲ್ಲಿ ಉಲಿದಳು. ಸ್ಪೀಕರ್ ಹಾಕಿದ್ದೆವು. ಅತ್ತೆ ಮಗನಿಗೆ, "ಇವ್ರ ಅಕ್ಕಪಕ್ಕದ ಮನೆಯೋರ ನಂಬರು ಇಸ್ಕೊಳ್ಳೋ" ಎಂದರು. ನ್ಯಾನ್ಸಿ ಕಿಸಕ್ಕನೆ ನಕ್ಕಳು.

"ಅಯ್ಯೋ, ಕನ್ನಡ ಬರುತ್ತೇನಮ್ಮ?"

"ಬೆಂಗ್ಳೂರೇ ಆಂಟಿ. ವಿಜಯನಗರ. ನ್ಯಾನ್ಸಿ ಅನ್ನೋದು ಬರೀ ಕೆಲ್ಸದ ಹೆಸ್ರು."

"ಹಾಗಾದ್ರೆ ನಿಜ ಹೇಳು. ನಿಮ್ ಕಂಪ್ನೀನ ನಂಬಬೋದಾ?"

ನ್ಯಾನ್ಸಿ ಪಿಸುದನಿಯಲ್ಲಿ ಹೇಳಿದಳು: "ಆಂಟಿ, ಇಲ್ಲಿ ಕೆಲ್ಸ ಮಾಡ್ತೀನಿ ಅಂತ ನಮ್ಮಪ್ಪಂಗೇ ಹೇಳಿಲ್ಲ. ಬ್ಯಾಂಕು ಅಂದಿದೀನಿ."

ಸುರೇಶ ತೆಪ್ಪಗೆ ಕಾರ್ಡನ್ನು ಪರ್ಸಿಗೆ ಸೇರಿಸಿದ.

ಬೆಳಗಿನ ಸುದ್ದಿ ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಫೋನಿಗೂ ಇಂಟರ್ನೆಟ್ಟಿಗೂ ಇರುವುದೊಂದೇ ಲೈನು, ಅತ್ತೆ ನ್ಯಾನ್ಸಿಯೊಡನೆ ಮಾತಾಡುತ್ತ ಫೋನ್ ಬಿಟ್ಟಿರಲಿಲ್ಲ. ಕ್ಯಾಸಿನೊ ಫೇಲಾದರೂ ಹುಡುಗಿ ಪಾಸಾಗಿದ್ದಾಳೆ. ಈಗ ನನ್ನ ಮೈದುನನ ಜಾತಕ ಹುಡುಕುತ್ತಿದ್ದಾರೆ.